ಎರಡೂ ಎಡತೋಳು

ನಮ್ಮ ಕಟಿಂಗ್ ಮಾಸ್ಟರ ಬಲಗೈ ಹೆಬ್ಬೆರಳಿನ ಬುಡ ಹುಣಸೆಬೀಜದಷ್ಟು ಅಗಲಕ್ಕೆ ಜಡ್ಡುಗಟ್ಟಿ ಕಪ್ಪಾಗಿತ್ತು. ದಿನವಿಡೀ ಕತ್ತರಿ ಹಿಡಿದು ಆದದ್ದು. ರೇಷ್ಮೆ ಮುಟ್ಟುವ ಮೊದಲು ಅದನ್ನೊಮ್ಮೆ ಕೆನ್ನೆಗೆ ಉಜ್ಜಿ ನೋಡಿಕೊಳ್ಳುತ್ತಿದ್ದರು. ಒರಟಾಗಿದ್ದರೆ ಎಳೆ ಕಿತ್ತು ಬರುತ್ತದಲ್ಲ.

ಪದ್ಮನಾಭನಗರದ ಅವರ ಬ್ಲೌಸ್ ಅಂಗಡಿಗೆ ನಾನು ಸೇರಿದ್ದು ಹುಕ್ ಹಾಕುವ ಕೆಲಸಕ್ಕೆ. ಮಗಳು ಸ್ಕೂಲಿಗೆ ಹೋಗತೊಡಗಿದ್ದಳು, ನನಗೆ ಕಟಿಂಗ್ ಕಲಿಯುವ ಆಸೆ. ಆದರೆ ಈ ಕಸುಬಿನಲ್ಲಿ ಕತ್ತರಿ ಮಾಸ್ಟರದ್ದು, ಸೂಜಿ ಮಿಕ್ಕವರದ್ದು. ಎರಡು ವರ್ಷ ಹೆಮ್ಮಿಂಗ್ ಮಾಡುತ್ತಾ, ಓರೆಗಣ್ಣಿನಲ್ಲಿ ಅವರ ಕೈ ನೋಡುತ್ತಾ ಕಳೆದೆ. ಏನಾದರೂ ಕೇಳಿದರೆ "ನೋಡಿದ್ರಲ್ಲ" ಎನ್ನುವರು. ನೋಡಿದ್ದೆ ನಿಜ, ಅರ್ಥವಾಗಿರಲಿಲ್ಲ. ಇನ್ನೊಮ್ಮೆ ಕೇಳಲು ಧೈರ್ಯ ಸಾಲದು.

ಒಂದು ಬೆಳಿಗ್ಗೆ ಜಯನಗರದವರೊಬ್ಬರ ಮಗಳ ಮದುವೆಯ ಬ್ಲೌಸ್‌ಪೀಸನ್ನು ಮೇಜಿನ ಮೇಲೆ ಹರಡಿ, ಅಳತೆಯ ಚೀಟಿ ಇಟ್ಟು, ಕತ್ತರಿಯ ಹಿಡಿಯನ್ನು ನನ್ನ ಕಡೆ ತಿರುಗಿಸಿ, ಕಾಫಿಗೆ ಹೊರಟುಹೋದರು. ಕತ್ತರಿಸಿ ಎಂದೋ, ಕಾಯ್ತಾ ಇರಿ ಎಂದೋ? ಒಂದೂ ಹೇಳಲಿಲ್ಲ. ನಾನು ಕತ್ತರಿಸಿದೆ. ತೋಳಿಗೆ ಬಟ್ಟೆ ಮಡಿಸಿ ಎರಡನ್ನೂ ಒಟ್ಟಿಗೆ ಕತ್ತರಿಸಬೇಕು. ಆಗ ಒಂದು ಎಡಕ್ಕೆ, ಒಂದು ಬಲಕ್ಕೆ ಬರುತ್ತದೆ. ಹೆದರಿಕೆಯಲ್ಲಿ ನಾನು ಒಂದೊಂದಾಗಿ ಕತ್ತರಿಸಿದೆ. ಎರಡೂ ಎಡತೋಳೇ ಆದವು. ಬಟ್ಟೆ ಮುಗಿದಿತ್ತು.

ಮಾಸ್ಟರು ಬಂದು ನೋಡಿದರು, ಬೈಯಲಿಲ್ಲ. ಸಂಜೆ ಹುಡುಗಿಯ ತಾಯಿ ಬಂದಾಗ "ನನ್ನ ಕೈ ತಪ್ತು ಮೇಡಂ" ಎಂದು ತಲೆ ತಗ್ಗಿಸಿ ನಿಂತರು. ಆಕೆ ಬಾಯಿಗೆ ಬಂದಂತೆ ಬೈದರು. ಮೂವತ್ತು ವರ್ಷದ ಹೆಸರು ಅರ್ಧ ಗಂಟೆಯಲ್ಲಿ ಮಣ್ಣುಪಾಲಾಯಿತು. ನಾನು ಒಳಗೆ ದಾರದ ಉಂಡೆ ಹಿಡಿದು ಕೂತೇ ಇದ್ದೆ, ಎದ್ದು ಬಂದು ನಾನೇ ಎನ್ನಲಿಲ್ಲ. ಆ ನಾಚಿಕೆ ಇಂದಿಗೂ ಹೋಗಿಲ್ಲ. ಆಕೆ ಹೋದ ಮೇಲೆ ಮಾಸ್ಟರು ಮೆಲ್ಲಗೆ ಅಂದರು: "ನಾಳೆಯಿಂದ ಬರ್ಬೇಡಿ. ನಿಮ್ಮ ಕೈಗೆ ಇಲ್ಲಿ ಕೆಲ್ಸ ಇಲ್ಲ."

ಓಡಿಸುವವರು ನನ್ನ ತಪ್ಪನ್ನೇಕೆ ಹೊತ್ತರು? ಹೊತ್ತವರು ಓಡಿಸಿದ್ದೇಕೆ? ತಲೆ ಕೆಟ್ಟುಹೋಯಿತು. ಸಿಟ್ಟಿನಲ್ಲೇ ಕೋಣನಕುಂಟೆಯ ನಮ್ಮ ಮನೆಯ ಮುಂದಿನ ರೂಮಿನಲ್ಲಿ ಮಿಷನ್ ಇಟ್ಟೆ. ಹಳೆಯ ಪಂಚೆಗಳನ್ನು ಕತ್ತರಿಸಿ ಕತ್ತರಿಸಿ ಕೈ ಕೂತಿತು. ಬಟ್ಟೆ ಹರಡಿದೊಡನೆ ಅವರ ಕೈ ಕಣ್ಣಮುಂದೆ ಬರುತ್ತಿತ್ತು, ಬೇಡವೆಂದರೂ.

ಆರು ತಿಂಗಳಾದ ಮೇಲೆ ಪದ್ಮನಾಭನಗರದ ಹೆಂಗಸೊಬ್ಬರು ನನ್ನ ಅಡ್ರೆಸ್ ಬರೆದ ಚೀಟಿ ಹಿಡಿದು ಬಂದರು. ಮಾಸ್ಟರ ಅಕ್ಷರ. ಆಮೇಲೆ ಇನ್ನಿಬ್ಬರು ಬಂದರು. ಅಲ್ಲಿಂದ ಇಲ್ಲಿಯವರೆಗೆ ಟೈಲರುಗಳಿಗೇನು ಬರವೇ? ಕೇಳಿಯೇಬಿಡೋಣವೆಂದು ಹೋದೆ. "ಕಣ್ಣು ಮಂಜಾಗಿದೆ, ಎಲ್ಲಿಗಾದ್ರೂ ಕಳಿಸ್ಬೇಕಲ್ಲ" ಎಂದು ಮುಖ ತಿರುಗಿಸಿದರು. ಮೆಚ್ಚಿ ಕಳಿಸಿದರೋ, ದಾರಿ ಕಾಣದೆ ಕಳಿಸಿದರೋ, ನನಗಿನ್ನೂ ಬಗೆಹರಿದಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ತಿಳಿದು ಹೋದಾಗ ಅವರ ಹೆಂಡತಿ ನಾನು ಯಾರೆಂದು ಕೇಳಿದರು. ಇವರ ಹತ್ತಿರ ಕಟಿಂಗ್ ಕಲಿತವಳು ಎಂದೆ. ಆಕೆ ನನ್ನನ್ನೇ ನೋಡಿ ಹೇಳಿದರು: "ಅವ್ರು ಯಾರಿಗೂ ಕಲಿಸ್ಲಿಲ್ವಲ್ಲಮ್ಮ."

ಮಾಸ್ಟರ ಕಾಲ ಬಳಿ ಕೂತು ಅತ್ತೆ. ಅತ್ತು, ಅಂದು ಆಡದ ಮಾತನ್ನು ಎಲ್ಲರಿಗೂ ಕೇಳುವಂತೆ ಆಡಿದೆ: "ಕೈ ತಪ್ಪಿದ್ದು ನಂದು, ಮಾಸ್ಟ್ರೇ." ಸುತ್ತಲಿದ್ದವರಿಗೆ ಅರ್ಥವಾಗಲಿಲ್ಲ. ಮಾಸ್ಟರಿಗೆ ಗೊತ್ತಿದ್ದದ್ದೇ.