ಬಾವಿಯಲ್ಲಿ ತೇಲಿದ ಜೋಡೆತ್ತು

ಕಳೆದ ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ನಮ್ಮ ಓಣಿಯ ಬಾವಿಯಲ್ಲಿ ಎರಡು ಹಂದಿಮರಿ ತೇಲಿದವು.

ಅವು ಹಂದಿಮರಿಗಳಲ್ಲ, ನಾನು ಕಟ್ಟಿಗೆಯಲ್ಲಿ ಕೆತ್ತಿದ ಎತ್ತುಗಳು. (ನಗಬೇಡಿ. ಓಣಿಯವರು ನಕ್ಕಿದ್ದೇ ಸಾಕಾಗಿದೆ.)

ಇದೆಲ್ಲ ಶುರುವಾದದ್ದು ನನ್ನ ಬಿ.ಪಿ.ಯಿಂದ. ಗುಳೇದಗುಡ್ಡದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನಿಗೆ ಬಿ.ಪಿ. ಬರದೆ ಇನ್ನಾರಿಗೆ ಬರಬೇಕು? ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹೊಡೆದು, ಮುಖ ಸಣ್ಣದು ಮಾಡಿದರು.

"ಗುಳಿಗಿ ಕೊಡ್ತೇನಿ, ಖರೆ. ಆದ್ರ ಬರೇ ಗುಳಿಗಿಯಿಂದ ಆಗೂದಿಲ್ರಿ ಮಾಸ್ತರ. ಕೈಗೊಂದು ಹವ್ಯಾಸ ಹಚ್ಚಿಕೋರಿ. ಮನಸ್ಸು ತಣ್ಣಗ ಆಗಬೇಕು."

ಶಾಲೆಯ ಲೈಬ್ರರಿಯ ಹಳೆಯ ಮ್ಯಾಗಝಿನ್ನಿನಲ್ಲಿ ಒಂದು ಫೋಟೋ ಕಂಡೆ. ಒಬ್ಬ ಮುದುಕ ಸಣ್ಣ ಚಾಕು ಹಿಡಿದು ಕಟ್ಟಿಗೆಯ ಗುಬ್ಬಿ ಕೆತ್ತುತ್ತ ಕೂತಿದ್ದ. ಅವನ ಮುಖದಲ್ಲಿ ಎಂಥ ಶಾಂತಿ! ಅಂದೇ ಹಾಲವಾಣದ ನಾಲ್ಕು ತುಂಡು ತಂದೆ. ಮೆತ್ತನೆಯ ಕಟ್ಟಿಗೆ, ಚಾಕುವಿಗೆ ಬೇಗ ಬಗ್ಗುತ್ತದೆ ಅಂದಿದ್ದರು. ಸಂಜೆ ಮನೆಯ ಕಟ್ಟೆಯ ಮೇಲೆ ಕೂತು ಹೆರೆಯತೊಡಗಿದೆ. ಖರೆ ಹೇಳುತ್ತೇನೆ, ಮೊದಲ ಎಂಟು ದಿನ ಸ್ವರ್ಗ. ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳುತ್ತಿತ್ತು. ಗುಬ್ಬಿ ಬರಲಿಲ್ಲ, ಅದು ಬೇರೆ ಮಾತು.

ಒಂಬತ್ತನೆಯ ದಿನ ಪಕ್ಕದ ಮನೆಯ ಮಲ್ಲಪ್ಪ ಬಂದು ಕೂತ. ಮಲ್ಲಪ್ಪ ಕುಪ್ಪಸದ ಖಣ ನೇಯುವವನು. ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಮುಂದೆ ಕೂತು, ಮಗ್ಗದ ಸದ್ದಿಗೆ ಸರಿಯಾಗಿ ಭಜನೆಯ ಪದ ಹಾಡುತ್ತಾನೆ.

"ಏನ್ ಮಾಡಾಕ ಹತ್ತೀರಿ ಮಾಸ್ತರ?"

"ರಿಲ್ಯಾಕ್ಸ್," ಅಂದೆ.

"ನನಗೂ ಒಂದು ತುಂಡು ಕೊಡ್ರಿ, ನೋಡೋಣು."

ಕೊಟ್ಟೆ. ಚಾಕುವನ್ನೂ ನಾನೇ ಕೊಟ್ಟೆ. ಹಿಡಿಯುವುದು ಹೇಗೆಂದು ಪಾಠವನ್ನೂ ಹೇಳಿದೆ. ಅರ್ಧ ಗಂಟೆಯಲ್ಲಿ ಅವನ ಅಂಗೈಯಲ್ಲಿ ಒಂದು ಪಾರಿವಾಳ ಕೂತಿತ್ತು! ಕತ್ತು ಒಂದಿಷ್ಟು ಓರೆ ಮಾಡಿ ನನ್ನನ್ನೇ ನೋಡುತ್ತಿತ್ತು. ಗುರುವಿಗೇ ತಿರುಮಂತ್ರ ಅನ್ನುವುದು ಇದಕ್ಕೇ ತಾನೆ?

ನನ್ನ ಹೆಂಡತಿ ಅದನ್ನು ಒಳಗೆ ಒಯ್ದು ಅವ್ವನ ಕೈಗೆ ಕೊಟ್ಟಳು. ಅವ್ವನಿಗೆ ಕಣ್ಣು ಮಬ್ಬು, ಬೆರಳಿನಿಂದಲೇ ನೋಡುತ್ತಾಳೆ. ರೆಕ್ಕೆಯ ಮೇಲೆ ಬೆರಳಾಡಿಸಿ ಅಂದಳು, "ಕೈ ಅಂದ್ರ ಇದು ನೋಡು."

ಈ ಮಾತು ನನಗೆ ಎಲ್ಲಿ ಚುಚ್ಚಿತು ಅಂತ ನಿಮಗೆ ಹೇಳಬೇಕು. ಪ್ರತಿ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಮನೆಯ ಪೂಜೆಯ ಮಣ್ಣಿನ ಎತ್ತುಗಳನ್ನು ನಾನೇ ಮಾಡುವುದು. ದೇವರ ಜಗಲಿಯ ಮೇಲಿಟ್ಟ ಮೇಲೆ ಅವ್ವ ಅವುಗಳ ಬೆನ್ನು ಸವರಿ, "ನಿಮ್ಮಪ್ಪನ ಕೈ ಬಂದೈತಿ ನಿನಗ" ಅನ್ನುತ್ತಾಳೆ. ವರ್ಷಕ್ಕೊಮ್ಮೆ, ಒಂದೇ ಸಲ. ನನಗೆ ಐವತ್ತು ತುಂಬಿದೆ. ಆದರೂ ಆ ಒಂದು ಮಾತಿಗೆ ವರ್ಷವಿಡೀ ಕಾಯುತ್ತೇನೆ.

ಆಮೇಲೆ ಮಲ್ಲಪ್ಪ ನವಿಲು ಕೆತ್ತಿದ. ಮೊಲ ಕೆತ್ತಿದ. ಬೀಸುವ ಕಲ್ಲಿನ ಮುಂದೆ ಕೂತ ಮುದುಕಿಯನ್ನು ಕೆತ್ತಿದ. ಮಂದಿ ಅವನ ಕಟ್ಟೆಯ ಮುಂದೆ ನೆರೆಯತೊಡಗಿದರು. ನನ್ನ ಕಟ್ಟೆ ಖಾಲಿ. ಚಾಕು ಮೊಂಡಾಗಿದೆ, ಕಟ್ಟಿಗೆ ಹಸಿಯಾಗಿದೆ ಅಂತ ನಾನು ಗೊಣಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೊಟ್ಟೆಕಿಚ್ಚು ಅಂತೀರಾ? ಹೌದು, ಹೊಟ್ಟೆಕಿಚ್ಚೇ. ಅವನ ಮಗ್ಗದ ಸದ್ದು ಕೇಳಿದರೂ ನನ್ನ ಎದೆ ಬಡಿದುಕೊಳ್ಳುತ್ತಿತ್ತು.

ಅಮಾವಾಸ್ಯೆ ಹತ್ತಿರ ಬಂತು. ಈ ಸಲ ಜಗಲಿಯ ಮೇಲೆ ನಾನು ಕೆತ್ತಿದ ಜೋಡೆತ್ತು ನಿಲ್ಲಬೇಕು, ಓಣಿಯ ಹೆಣ್ಣುಮಕ್ಕಳೆಲ್ಲ ನೋಡಬೇಕು ಅಂತ ಹಟ ಹಿಡಿದೆ. ಅವ್ವನ ಕಿವಿಗೆ ಹಾಕಿದೆ.

"ಮಣ್ಣೆತ್ತಿನ ಅಮಾಸಿಗೆ ಕಟ್ಟಿಗಿ ಎತ್ತೇನೋ? ಪೂಜಿ ಮಣ್ಣಿಗೆ ಮಾಡೂದು, ನಿನ್ನ ಚಾಕುಗಲ್ಲ," ಅಂದಳು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಏನು ಮಾಡಿದೆ ಗೊತ್ತೇ? ಕಟ್ಟಿಗೆಯ ಎತ್ತು ಕೆತ್ತಿ, ಮೇಲೆ ತೆಳ್ಳಗೆ ಕರಿಮಣ್ಣು ಮೆತ್ತಿದೆ! ಅದರಲ್ಲಿ ಇನ್ನೊಂದು ಲಾಭವಿತ್ತು. ನನ್ನ ಕೆತ್ತನೆಯ ಡೊಂಕೆಲ್ಲ ಮಣ್ಣಿನೊಳಗೆ ಮುಚ್ಚಿಹೋಯಿತು.

ಪೂಜೆಯಾಯಿತು. ಬಂದವರೆಲ್ಲ ಹೊಗಳಿದರು. ಮಲ್ಲಪ್ಪನೂ ಬಂದ, ನೋಡಿದ, ನಕ್ಕು ಹೋದ. ಅವ್ವ ಒಂದು ಎತ್ತನ್ನು ಎತ್ತಿ ಬೆನ್ನು ಸವರಿದಳು. ನಾನು ಉಸಿರು ಹಿಡಿದು ನಿಂತೆ.

"ಭಾಳ ಹಗುರ ಆಗ್ಯಾವಲ್ಲೋ?"

"ಮಣ್ಣು ಚಲೋ ಒಣಗೇತಿ, ಅವ್ವ."

ಅವಳು ಎತ್ತನ್ನು ಕೆಳಗಿಟ್ಟಳು. ನಾನು ಕಾಯುವ ಮಾತು ಆ ಸಲ ಬರಲಿಲ್ಲ.

ಮರುದಿನ ಎತ್ತುಗಳನ್ನು ಬಾವಿಗೆ ಬಿಡುವುದು ನಮ್ಮ ಓಣಿಯ ರೂಢಿ. ಮಣ್ಣು ಕರಗಿ ತಳ ಸೇರುತ್ತದೆ. ನಾನು ಮೆಲ್ಲಗೆ ಅವನ್ನು ಅಡಗಿಸಿಡುವ ಪ್ಲ್ಯಾನ್ ಹಾಕಿದ್ದೆ. ಆದರೆ ನಾನು ಏಳುವುದರೊಳಗೆ ನನ್ನ ಹೆಂಡತಿ ನಸುಕಿನ ಕತ್ತಲಲ್ಲೇ ಬಿಟ್ಟು ಬಂದಿದ್ದಳು. (ಅವಳಿಗೂ ನಾನು ಹೇಳಿರಲಿಲ್ಲವಲ್ಲ!)

ಹಲ್ಲುಜ್ಜುತ್ತ ಹೊರಗೆ ನಿಂತಿದ್ದೆ. ನೀರಿಗೆ ಬಂದ ಎದುರು ಮನೆಯ ಗೌರವ್ವ ಕೂಗಿದಳು.

"ಯವ್ವಾ! ಕೊಡದಾಗ ಏನೋ ಬಂತ ನೋಡ್ರಿ! ಹಂದಿಮರಿ ಹಂಗ ಐತಿ! ಇನ್ನೊಂದು ಅಲ್ಲೇ ತೇಲಾಕ ಹತ್ತೇತಿ!"

ಬಾವಿಯ ಸುತ್ತ ನಗೆಯೋ ನಗೆ. ನಾನು ಇಂಗು ತಿಂದ ಮಂಗನ ಹಾಗೆ ನಿಂತೆ. ಮೆತ್ತಿದ ಮಣ್ಣೆಲ್ಲ ತೊಳೆದುಹೋಗಿತ್ತು. ಇನ್ನೇನು, ಯಾರ ಮನೆಯವು ಅಂತ ಕೇಳುತ್ತಾರೆ, ಹೆಂಡತಿ ಬಾಯಿ ಬಿಡುತ್ತಾಳೆ. ಅಷ್ಟರಲ್ಲಿ ಮಲ್ಲಪ್ಪ ಮಗ್ಗ ಬಿಟ್ಟು ಓಡಿ ಬಂದ.

"ಏ ಯಕ್ಕಾ, ಅವು ನನ್ನವು. ಕೆಟ್ಟಿದ್ದುವು ಅಂತ ನಾನಽ ಒಗೆದಿದ್ದೆ. ಕೊಡ್ರಿ ಇಲ್ಲೆ."

"ಬಾವ್ಯಾಗ ಕಸಾ ಒಗಿತೀಯಲ್ಲೋ, ಬುದ್ಧಿ ಐತೇನು ನಿನಗ?" ಅಂತ ಗೌರವ್ವ ಬೈದಳು. ತಲೆ ತಗ್ಗಿಸಿ ಬೈಸಿಕೊಂಡ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಸಂಜೆ ಮಲ್ಲಪ್ಪ ಆ ಎತ್ತುಗಳನ್ನು ವಸ್ತ್ರದಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದ. ಬಿಚ್ಚಿದೆ. ಎತ್ತು! ಖರೆಖರೆ ಎತ್ತು! ಒಂದು ಮುಂಗಾಲು ಎತ್ತಿ ನಿಂತಿದೆ, ಇನ್ನೊಂದು ಹಿಂತಿರುಗಿ ನೋಡುತ್ತಿದೆ.

"ಕೋಡು ಒಂದೀಟು ಸಣ್ಣ ಮಾಡೇನ್ರಿ ಮಾಸ್ತರ, ಹೊಟ್ಟಿ ಒಂದೀಟು ಒಳಗ ತಗೊಂಡೇನಿ. ಉಳಿದದ್ದೆಲ್ಲಾ ನೀವು ಮಾಡಿದ್ದಽ," ಅಂದ.

ಜಂಬ ಕೊಚ್ಚಿದ್ದರೆ ಎಷ್ಟು ಆರಾಮಾಗಿ ಅವನನ್ನು ಬೈಯಬಹುದಿತ್ತು! ಅದಕ್ಕೂ ಅವಕಾಶ ಕೊಡದ ಈ ಮನುಷ್ಯನಿಗೆ ಏನು ಹೇಳೋಣ? ಕೈಯಲ್ಲಿ ಸೋಲಿಸಿದ್ದು ಸಾಲದೆ ಗುಣದಲ್ಲೂ ಸೋಲಿಸಬೇಕೇ?

ಮೊನ್ನೆ ಅವ್ವನ ಕೆಮ್ಮಿಗೆ ಅಂತ ಡಾಕ್ಟರು ಮನೆಗೆ ಬಂದಿದ್ದರು. ರೇಡಿಯೋದ ಮೇಲೆ ನಿಂತ ಜೋಡೆತ್ತು ನೋಡಿ ಬೆರಗಾದರು.

"ಯಾರು ಕೆತ್ತಿದ್ರಿ ಇವನ್ನ?"

ಬಾಯಿಗೆ ಬಂದದ್ದು ಒಂದೇ ಮಾತು. "ನಾನಽ ರೀ."

ಒಳಗಿನಿಂದ ಅವ್ವ ಕೆಮ್ಮಿದಳು. ಆ ಕೆಮ್ಮು ಔಷಧಿಗೆ ಹೋಗುವಂಥದ್ದಲ್ಲ.

"ಶಾಬಾಸ್! ಹಂಗಾರ ಈಗ ಮನಸ್ಸು ತಣ್ಣಗ ಆಗಿರಬೇಕು," ಅಂತ ಡಾಕ್ಟರು ಖುಷಿಯಿಂದ ನನ್ನ ತೋಳಿಗೆ ಪಟ್ಟಿ ಸುತ್ತಿದರು. ಗಾಳಿ ಹೊಡೆದರು. ಮತ್ತೊಮ್ಮೆ ಹೊಡೆದರು. ಆಮೇಲೆ ಗುಳಿಗೆ ಇನ್ನು ದಿನಕ್ಕೆ ಎರಡು ಅಂತ ಬರೆದರು.

ನನ್ನ ಹಂದಿಯನ್ನು ಮಲ್ಲಪ್ಪ ತನ್ನದು ಅಂದ, ಅವನ ಎತ್ತನ್ನು ನಾನು ನನ್ನದು ಅಂದೆ. ಸುಳ್ಳು ಇಬ್ಬರದೂ ಒಂದೊಂದೇ. ಅವನು ಮಾತ್ರ ಮಗ್ಗದ ಮುಂದೆ ಹಾಡುತ್ತ ಕೂತಿದ್ದಾನೆ, ಗುಳಿಗೆ ನುಂಗುತ್ತಿರುವವನು ನಾನು, ಇದ್ಯಾವ ನ್ಯಾಯ ಹೇಳಿ?