ಕಮಾನು ಕೇಳಿದ ಇನ್ನಾಸಪ್ಪ

ಚುನಾವಣೆ ಹತ್ತಿರ ಬಂತೆಂದು ತಿಳಿಯಲು ನಮ್ಮ ರಾಮಮೂರ್ತಿ ನಗರದವರು ಪೇಪರ್ ನೋಡಬೇಕಾಗಿಲ್ಲ. ಇನ್ನಾಸಪ್ಪನ ಮನೆ ಮುಂದೆ ಬಿಳಿ ಕಾರು ನಿಂತರೆ ಸಾಕು. ಕಾರಿನಿಂದ ಇಳಿಯುವವರ ಹೆಗಲ ಮೇಲಿನ ಶಾಲಿನ ಬಣ್ಣ ಒಂದೊಂದು ಸಲ ಒಂದೊಂದು. ಅವರು ಒಳಗೆ ಹೋಗಿ ಕೂರುವ ಸೋಫಾ ಮಾತ್ರ ಅದೇ, ಕುಡಿಯುವ ಕಾಫಿಯೂ ಅದೇ.

ಪಕ್ಷ ಯಾವುದೇ ಇರಲಿ, ಎಲ್ಲರದೂ ಒಂದೇ ನಂಬಿಕೆ: ಚರ್ಚಿನ ಎಂಟುನೂರು ವೋಟು ಇನ್ನಾಸಪ್ಪನ ಜೇಬಿನಲ್ಲಿದೆ. ಈ ನಂಬಿಕೆ ಎಲ್ಲಿ ಹುಟ್ಟಿತೋ ಅವನಿಗೂ ತಿಳಿಯದು. ವಿಮಾನಪುರದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಯಾರೋ ಒಬ್ಬ ಮುಖಂಡ, "ನಿಮ್ಮ ಚರ್ಚಿನವರೆಲ್ಲ ನಮ್ಮ ಕಡೆ ತಾನೇ?" ಎಂದು ಕೇಳಿದ್ದ. ಇನ್ನಾಸಪ್ಪ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ, ಗಂಭೀರವಾಗಿ ಕನ್ನಡಕ ಒರೆಸಿಕೊಂಡ. ಆ ಮುಖಂಡ ಗೆದ್ದ. ಅಲ್ಲಿಂದ ಇನ್ನಾಸಪ್ಪನ ಕಾಲ ಶುರುವಾಯಿತು. ನಿಜ ಹೇಳಬೇಕೆಂದರೆ, ಹೆಂಡತಿ ಸಗಾಯಮ್ಮ ಯಾವ ಬಟನ್ ಒತ್ತುತ್ತಾಳೆ ಎಂಬುದೇ ಅವನಿಗೆ ಇವತ್ತಿನವರೆಗೂ ಗೊತ್ತಾಗಿಲ್ಲ. ಕೇಳಿದರೆ, "ಅದು ನನಗೂ ದೇವರಿಗೂ ಗೊತ್ತು, ನೀವು ಊಟ ಮಾಡಿ" ಎನ್ನುತ್ತಾಳೆ. ಮನೆಯೊಳಗಿನ ಒಂದು ವೋಟೇ ಕೈಗೆ ಸಿಗದವನ ಜೇಬಿನಲ್ಲಿ ಎಂಟುನೂರು!

ಹಾಗೆಂದು ಅವನು ದುರಾಸೆಯ ಮನುಷ್ಯ ಎಂದು ತಿಳಿಯಬೇಡಿ. ಬಂದವರ ಹತ್ತಿರ ತನಗೆಂದು ಒಂದು ಪೈಸೆ ಕೇಳಿದವನಲ್ಲ. ಒಂದು ಚುನಾವಣೆಗೆ ಒಂದೇ ಕೋರಿಕೆ, ಅದೂ ಚರ್ಚಿಗೆ. ಹೀಗೆ ಚರ್ಚಿನ ಮುಂದೆ ಹೈಮಾಸ್ಟ್ ದೀಪ ಬಂತು, ಅಂಗಳಕ್ಕೆ ಟೈಲ್ಸ್ ಬಂತು, ಮರದ ಕೆಳಗೆ ಗ್ರಾನೈಟ್ ಬೆಂಚು ಬಂತು. ಪ್ರತಿಯೊಂದರ ಮೇಲೂ ನಾಯಕರ ಹೆಸರು ದೊಡ್ಡದಾಗಿ, ಅದರ ಕೆಳಗೆ "ಶ್ರೀ ಇನ್ನಾಸಪ್ಪನವರ ಪರಿಶ್ರಮದಿಂದ" ಎಂದು ಚಿಕ್ಕದಾಗಿ. ಬೆಂಚಿನ ಮೇಲೆ ಯಾರಾದರೂ ಕೂತರೆ ಆ ಸಾಲು ಮುಚ್ಚಿಹೋಗುತ್ತದೆ ಎಂಬ ಒಂದು ಸಣ್ಣ ಕೊರಗು ಅವನಿಗಿತ್ತು. ಅದಕ್ಕೇ ಈ ಸಲ ಯಾರೂ ಕೂರಲಾಗದ ವಸ್ತುವನ್ನು ಯೋಚಿಸಿದ್ದ. ಚರ್ಚಿನ ರಸ್ತೆಯ ಬಾಯಿಗೆ ಒಂದು ಕಮಾನು.

ಅದೇ ಹೊತ್ತಿಗೆ ಮುನಿಲಕ್ಷ್ಮಮ್ಮನೂ ಬಂದಿದ್ದಳು. ಚರ್ಚಿನ ಹಿಂದಿನ ಗಲ್ಲಿಯಲ್ಲಿ ಶೀಟಿನ ಮನೆಗಳ ಒಂದು ಸಾಲಿದೆ. ಬೆಳಗಾಗುವ ಮುಂಚೆ ನಮ್ಮ ಬೀದಿಗಳನ್ನೆಲ್ಲ ಗುಡಿಸುವವರು ಇರುವುದು ಅಲ್ಲಿ. ಮುನಿಲಕ್ಷ್ಮಮ್ಮನೂ ಅವರಲ್ಲಿ ಒಬ್ಬಳು. ಮನೆಯಲ್ಲಿ ಅಂಬೇಡ್ಕರ್ ಫೋಟೋ, ಪಕ್ಕದಲ್ಲಿ ಬುದ್ಧನ ಮೂರ್ತಿ. ಚರ್ಚಿನ ಒಳಗೆ ಅವಳು ಕಾಲಿಟ್ಟವಳಲ್ಲ, ಹೊರಗಿನ ಕಸ ಮಾತ್ರ ಅವಳದೇ. ಆ ಸಾಲಿಗೆಲ್ಲ ಇದ್ದ ಒಂದೇ ಬೋರ್‌ವೆಲ್ಲಿನ ಮೋಟರ್ ಸುಟ್ಟುಹೋಗಿತ್ತು. ಹೆಂಗಸರು ಬಿಂದಿಗೆ ಹಿಡಿದು ಮೇನ್ ರೋಡ್ ದಾಟಿ ನೀರು ತರುತ್ತಿದ್ದರು. ಹೋದ ವಾರ ಒಬ್ಬ ಬಸುರಿ ಹುಡುಗಿ ಸ್ಕೂಟರಿಗೆ ಸಿಕ್ಕಿ ಕಾಲು ಮುರಿದುಕೊಂಡಿದ್ದಳು.

"ಅಣ್ಣ, ಸೀನಣ್ಣ ನಿಮ್ಮ ಮಾತು ಕೇಳ್ತಾರಂತೆ. ಮೋಟರ್ ವಿಷಯ ಒಂದ್ ಮಾತು ಹೇಳ್ಬಿಡಿ" ಎಂದು ಅವಳು ಬಾಗಿಲಲ್ಲಿ ನಿಂತು ಕೇಳಿದಳು.

ಇನ್ನಾಸಪ್ಪ ಬಹಳ ಮೆತ್ತಗೆ ಹೇಳಿದ: "ನೋಡಮ್ಮ, ನೀರು, ಮೋರಿ, ಇದೆಲ್ಲ ರಾಜಕೀಯ. ನಾವು ಚರ್ಚಿನವರು. ರಾಜಕೀಯಕ್ಕೆ ಕೈ ಹಾಕ್ಬಾರ್ದು."

ಅಭ್ಯರ್ಥಿ ಶ್ರೀನಿವಾಸ್ ಉರುಫ್ ಸೀನಣ್ಣ ಕಳಿಸಿದ್ದ ಸ್ವೀಟ್ ಬಾಕ್ಸು ಆಗ ಟೀಪಾಯಿಯ ಮೇಲೆ ಬಾಯಿ ತೆರೆದುಕೊಂಡೇ ಇತ್ತು. ಮುನಿಲಕ್ಷ್ಮಮ್ಮ ಅದನ್ನು ನೋಡಿದಳು, ಇನ್ನಾಸಪ್ಪನನ್ನು ನೋಡಿದಳು, "ಆಯ್ತಣ್ಣ" ಎಂದು ಹೊರಟುಹೋದಳು. ಅಡುಗೆಮನೆಯಿಂದ ಸಗಾಯಮ್ಮ, "ಕಮಾನು ಕೇಳೋದು ಮಾತ್ರ ಜಪಮಾಲೆನಾ?" ಎಂದಳು. ಹೆಂಗಸರಿಗೆ ಈ ಸೂಕ್ಷ್ಮಗಳೆಲ್ಲ ಅರ್ಥವಾಗುವುದಿಲ್ಲ ಎಂದು ಇನ್ನಾಸಪ್ಪ ಟಿವಿಯ ಸೌಂಡು ಜಾಸ್ತಿ ಮಾಡಿದ.

ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲದ ಕೊನೆಯ ಭಾನುವಾರಗಳಲ್ಲಿ ಒಂದು ದಿನ ಫಾದರ್ ಅರುಳ್ ಪ್ರಸಂಗದಲ್ಲಿ ಚುನಾವಣೆಯ ಮಾತೆತ್ತಿದರು. ಹೊಸಬರು, ತೆಳ್ಳಗಿನ ಮನುಷ್ಯ, ಮೈಕಿಲ್ಲದಿದ್ದರೆ ಎರಡನೇ ಬೆಂಚಿಗೂ ಕೇಳಿಸದ ದನಿ. ಅವರು ಹೇಳಿದ್ದು ಇಷ್ಟು. ಧರ್ಮಸಭೆ ಯಾವ ಪಕ್ಷದ್ದೂ ಅಲ್ಲ. ಯಾರಿಗೆ ವೋಟು ಹಾಕಿ ಎಂದು ಈ ಪೀಠದಿಂದ ಯಾರೂ ಹೇಳುವಂತಿಲ್ಲ, ನಾನಂತೂ ಹೇಳುವುದಿಲ್ಲ. ಅದು ನಿಮ್ಮ ನಿಮ್ಮ ಅಂತಃಸಾಕ್ಷಿಗೆ ಬಿಟ್ಟದ್ದು. ಆದರೆ ವಿಶ್ವಾಸವೆಂದರೆ ಚಪ್ಪಲಿಯ ಹಾಗೆ ಒಂದು ಬಾಗಿಲಲ್ಲಿ ಬಿಟ್ಟು ಹೋಗುವಂಥದ್ದಲ್ಲ. ಊರಿನ ಆಗುಹೋಗು ನಿಮ್ಮ ಹೊಲ, ಪಾದ್ರಿಗಳದ್ದಲ್ಲ. ಅಲ್ಲಿಗೆ ಹೋಗಿ. ನಮಗೇನು ಸಿಕ್ಕೀತು ಅಂತ ಲೆಕ್ಕ ಹಾಕೋಕಲ್ಲ, ಎಲ್ಲರಿಗೂ ಏನು ಒಳ್ಳೆಯದು, ಅದರಲ್ಲೂ ಯಾರಿಗೆ ಯಾರೂ ದಿಕ್ಕಿಲ್ಲವೋ ಅವರಿಗೇನು ಒಳ್ಳೆಯದು, ಅದನ್ನು ಕೇಳೋಕೆ ಹೋಗಿ.

ಪೂಜೆಯಲ್ಲಿ ಪ್ರಕಟಣೆ ಓದುವ ಕೆಲಸ ಇನ್ನಾಸಪ್ಪನದು, ಮೈಕಿನ ಪಕ್ಕದಲ್ಲಿಯೇ ಕೂತು ಕೇಳಿಸಿಕೊಂಡ. ಅವನಿಗೆ ಮೊದಲರ್ಧ ತುಂಬ ಹಿಡಿಸಿತು. ಪಾದ್ರಿಗಳು ಏನೂ ಹೇಳುವಂತಿಲ್ಲ ಎಂದ ಮೇಲೆ ಯಾರಾದರೂ ಒಬ್ಬರು ಹೇಳಲೇಬೇಕಲ್ಲ! ಊರು ನಿಮ್ಮ ಹೊಲ ಎಂದಾಗ ಯಾರೋ ತನ್ನ ಬೆನ್ನು ತಟ್ಟಿದಂತಾಯಿತು. ಉಳಿದರ್ಧ ಹೇಳುವಾಗ ಅವನು ಮುಂದಿನ ಪ್ರಕಟಣೆಯ ಚೀಟಿ ಹುಡುಕುತ್ತಿದ್ದ.

ಸೀನಣ್ಣನ ಬಲಗೈ ಬಂಟ ವಸಂತ್ ಮನೆಗೆ ಬಂದದ್ದು ಆ ವಾರವೇ.

"ಇನ್ನಾಸಪ್ಪನೋರೆ, ಕಮಾನು ಫಿಕ್ಸು. ಅಣ್ಣ ಮಾತು ಕೊಟ್ಟಾಯ್ತು. ಆದ್ರೆ ಅಣ್ಣಂಗೂ ಒಂದು ಕುರ್ಚಿ ಬೇಕಲ್ಲ ಗುರುಗಳೇ" ಎಂದು ಫೋನು ಮುಂದೆ ಹಿಡಿದ. ಹೋದ ವರ್ಷದ ಪವಿತ್ರ ಗುರುವಾರದ ವಿಡಿಯೋ. ಪೀಠದ ಮುಂದೆ ಹನ್ನೆರಡು ಕುರ್ಚಿ, ಹನ್ನೆರಡು ಜನ, ಸುತ್ತ ಕ್ಯಾಮೆರಾ. ಯೇಸು ಸಾಯುವ ಹಿಂದಿನ ರಾತ್ರಿ ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ ವರ್ಷಕ್ಕೊಮ್ಮೆ ಪಾದ್ರಿಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ವಸಂತ್ ಅಷ್ಟು ದೂರ ವಿಡಿಯೋ ನೋಡಿರಲಿಲ್ಲ. ಕುರ್ಚಿಯ ಮೇಲೆ ಕೂತವರೇ ದೊಡ್ಡವರು ಎಂಬುದು ಅವನ ಜೀವಮಾನದ ಪಾಠ. ಅಷ್ಟು ನೋಡಿ ಫೋನು ಮುಚ್ಚಿದ್ದ.

ಆ ಹನ್ನೆರಡು ಜನರನ್ನು ಆರಿಸುವವನು ಇನ್ನಾಸಪ್ಪ. ಅದೇನು ಸುಲಭದ ಕೆಲಸವಲ್ಲ. ಕನ್ನಡ ಪೂಜೆಯವರು ನಾಲ್ಕು, ತಮಿಳು ಪೂಜೆಯವರು ನಾಲ್ಕು, ಇಂಗ್ಲಿಷಿನವರು ಮೂರು, ಮಲಯಾಳಿ ಒಬ್ಬರು. ಒಂದು ತಲೆ ಆಚೀಚೆಯಾದರೆ ಮುಂದಿನ ವರ್ಷದ ಈಸ್ಟರ್ ತನಕ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಈ ಸಲ ಕನ್ನಡದ ಚೌರಪ್ಪನಿಗೆ ಮಂಡಿ ನೋವು, ಒಂದು ಕುರ್ಚಿ ಖಾಲಿ. ವಸಂತನಿಗೆ ಅಲ್ಲಿ ನಡೆಯುವುದೇನೆಂದು ವಿವರಿಸಲು ಇನ್ನಾಸಪ್ಪ ಬಾಯಿ ತೆರೆದ. ಕಣ್ಣ ಮುಂದೆ ಕಮಾನು ಬಂತು. ಬಾಯಿ ಮುಚ್ಚಿದ. ಫಾದರ್‌ಗೂ ಹೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಾರೆ, ಕೂತುಬಿಟ್ಟರೆ ಎಬ್ಬಿಸಲಾರರು.

ಪವಿತ್ರ ಗುರುವಾರ ಸಂಜೆ ಸೀನಣ್ಣ ಗರಿಗರಿ ಬಿಳಿ ಬಟ್ಟೆಯಲ್ಲಿ ಬಂದ. ಹಳೇ ಊರಿನ ಗೌಡರ ಮನೆತನ. ತಾತ ರಾಗಿ ಬೆಳೆದ ಹೊಲದಲ್ಲಿ ಮೊಮ್ಮಗ ಅಪಾರ್ಟ್‌ಮೆಂಟು ಬೆಳೆದಿದ್ದ. ಮನುಷ್ಯ ಕೆಟ್ಟವನಲ್ಲ. ಕಾವಿ ಕಂಡರೂ ಸರಿ, ಹಸಿರು ಪೇಟ ಕಂಡರೂ ಸರಿ, ಬಿಳಿ ನಿಲುವಂಗಿ ಕಂಡರೂ ಸರಿ, ಮೊದಲು ಕಾಲಿಗೆ ಬಿದ್ದು ಆಮೇಲೆ ಯಾರೆಂದು ಕೇಳುವ ವಿನಯ ಅವನದು. ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಫ್ಲೆಕ್ಸಿನಲ್ಲಿ ಕೈ ಮುಗಿದಿದ್ದವನು ಇಲ್ಲಿಯೂ ಹಾಗೆಯೇ ಕೈ ಮುಗಿದುಕೊಂಡು ಹನ್ನೆರಡನೇ ಕುರ್ಚಿಯಲ್ಲಿ ಕೂತ. ಪಕ್ಕದ ಮಲಯಾಳಿ ಮೇಷ್ಟ್ರು ಬಲಗಾಲಿನ ಸಾಕ್ಸ್ ತೆಗೆಯುವುದನ್ನು ನೋಡಿ, ಇದೇನೋ ಪದ್ಧತಿ ಇರಬೇಕೆಂದು ತಾನೂ ಒಂದು ಕಾಲಿನ ಬೂಟು ಬಿಚ್ಚಿದ.

ಫಾದರ್ ಅರುಳ್ ಮೇಲಂಗಿ ತೆಗೆದಿಟ್ಟು, ಸೊಂಟಕ್ಕೆ ಟವಲ್ ಸುತ್ತಿಕೊಂಡು ಮೊದಲ ಕುರ್ಚಿಯ ಮುಂದೆ ಮಂಡಿಯೂರಿದರು. ನೀರು ಹೊಯ್ದು, ಒರೆಸಿ, ಬಗ್ಗಿ ಕಾಲಿಗೆ ಮುತ್ತಿಟ್ಟರು. ಆಮೇಲೆ ಎರಡನೆಯದು. ಮೂರನೆಯದು. ಸೀನಣ್ಣನ ಮುಖ ಕುರ್ಚಿಯಿಂದ ಕುರ್ಚಿಗೆ ಬಿಳುಚಿಕೊಳ್ಳುತ್ತಾ ಹೋದದ್ದನ್ನು ಇನ್ನಾಸಪ್ಪ ಮೈಕಿನ ಬಳಿಯಿಂದ ನೋಡಿದ.

ಫಾದರ್ ಹನ್ನೆರಡನೇ ಕುರ್ಚಿಗೆ ಬಂದರು. ಕೂತವನು ಯಾರೆಂದು ನೋಡಿದರು. ಆಮೇಲೆ ಉಳಿದವರಿಗೆ ಮಾಡಿದ ಹಾಗೆಯೇ ಮಂಡಿಯೂರಿ ಪಾದಕ್ಕೆ ಕೈ ಹಾಕಿದರು.

"ಅಯ್ಯಯ್ಯೋ, ಬೇಡಿ ಸ್ವಾಮಿ! ಪಾಪ ಸುತ್ಕೊಳತ್ತೆ!" ಎಂದು ಸೀನಣ್ಣ ಎಗರಿ ನಿಂತ. ಚುನಾವಣೆಯ ಹೊಸ್ತಿಲಲ್ಲಿ ಸ್ವಾಮಿಗಳ ಕೈಯಲ್ಲಿ ಕಾಲು ತೊಳೆಸಿಕೊಳ್ಳುವುದೆಂದರೇನು! ಅವನ ಮನೆ ಜ್ಯೋತಿಷಿ ಕೇಳಿದ್ದರೆ ಅಲ್ಲೇ ಮೂರ್ಛೆ ಹೋಗುತ್ತಿದ್ದ. ಸೀನಣ್ಣ ಅಭ್ಯಾಸಬಲದಿಂದ ಫಾದರ್ ಕಾಲಿಗೆ ಬೀಳಲು ಹೋದ. ಫಾದರ್ ಆಗಲೇ ಕೆಳಗಿದ್ದರು. ಇಬ್ಬರ ತಲೆಗೂ ಢಿಕ್ಕಿ, ಬೋಗುಣಿ ಬೋರಲು, ನೀರೆಲ್ಲ ಇನ್ನಾಸಪ್ಪ ತರಿಸಿದ ಕೆಂಪು ಕಾರ್ಪೆಟ್ಟಿನ ಮೇಲೆ. ಸೀನಣ್ಣ ಒಂದು ಕಾಲಿಗೆ ಬೂಟು, ಒಂದು ಕಾಲು ಬರಿಗಾಲು, ಹಾಗೇ ಹೊರಗೆ ಓಡಿದ. ಹಿಂದೆ ವಸಂತ್ ಬೂಟು ಹಿಡಿದು ಓಡಿದ. ಅವರ ಹುಡುಗರ ಕ್ಯಾಮೆರಾಗಳು ಎಲ್ಲವನ್ನೂ ಬಹಳ ಶ್ರದ್ಧೆಯಿಂದ ಸೆರೆಹಿಡಿದವು.

ಗಾಯನ ಮಂಡಳಿಯವರು ಹಾಡು ನಿಲ್ಲಿಸಿದರು. ಸಗಾಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಅಳುವಿಗೋ ನಗುವಿಗೋ ಇನ್ನಾಸಪ್ಪನಿಗೆ ದೂರದಿಂದ ತಿಳಿಯಲಿಲ್ಲ. ಫಾದರ್ ಹಣೆ ಉಜ್ಜಿಕೊಂಡು ಸುತ್ತ ನೋಡಿದರು, ಮೈಕಿನ ಬಳಿ ನಿಂತಿದ್ದವನನ್ನು ಕೈ ಸನ್ನೆಯಿಂದ ಕರೆದು ಖಾಲಿ ಕುರ್ಚಿ ತೋರಿಸಿದರು.

ಇಷ್ಟು ವರ್ಷ ಜನರನ್ನು ಆರಿಸಿ ಆರಿಸಿ ಕೂರಿಸಿದವನು ಆ ಕುರ್ಚಿಯಲ್ಲಿ ಒಮ್ಮೆಯೂ ಕೂತಿರಲಿಲ್ಲ. ಇಡೀ ಚರ್ಚು ನೋಡುತ್ತಿತ್ತು. ಇನ್ನಾಸಪ್ಪ ಚಪ್ಪಲಿ ಬಿಟ್ಟು, ಬಿರುಕುಬಿಟ್ಟ ಹಿಮ್ಮಡಿಯನ್ನು ಮುಚ್ಚಿಕೊಳ್ಳಲು ಪ್ಯಾಂಟು ಎಳೆದುಕೊಳ್ಳುತ್ತಾ ಕೂತ. ಫಾದರ್ ಬೋಗುಣಿ ಎತ್ತಿಟ್ಟು, ಹೂಜಿಯಲ್ಲಿ ಉಳಿದಿದ್ದ ನೀರನ್ನು ನಿಧಾನವಾಗಿ ಹೊಯ್ದರು. ತಣ್ಣಗಿತ್ತು.

"ತಪ್ಪಾಯ್ತು ಸ್ವಾಮಿ. ಅವನನ್ನ ಕೂರಿಸಬಾರ್ದಿತ್ತು" ಎಂದು ಇನ್ನಾಸಪ್ಪ ಪಿಸುಗುಟ್ಟಿದ.

"ಯೂದನ ಕಾಲನ್ನೂ ಯೇಸು ತೊಳೆದಿದ್ದಾರೆ, ಬಿಡಿ" ಎಂದರು ಫಾದರ್. ಬೆಳ್ಳಿ ನಾಣ್ಯದ ಆಸೆಗೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ ಎಂದದ್ದು ಓಡಿಹೋದವನನ್ನೋ, ಕೂತವನನ್ನೋ ಇನ್ನಾಸಪ್ಪನಿಗೆ ತಿಳಿಯಲಿಲ್ಲ. ಫಾದರ್ ಹೆಬ್ಬೆರಳ ಸಂದಿಯನ್ನು ಒರೆಸುತ್ತಾ ತಲೆ ಎತ್ತದೆ ಕೇಳಿದರು: "ಹಿಂದಿನ ಗಲ್ಲಿಯವರು ನೀರಿಗೆ ನಿಮ್ಮ ಹತ್ರ ಬಂದಿದ್ರಂತಲ್ಲ. ಏನಂದ್ರಿ?"

ಪಾದದಿಂದ ನೀರು ಬೋಗುಣಿಗೆ ತೊಟ್ಟಿಕ್ಕುತ್ತಿತ್ತು. ರಾಜಕೀಯಕ್ಕೆ ಕೈ ಹಾಕಬಾರದು ಎಂದಿದ್ದ ಇನ್ನಾಸಪ್ಪ ಪ್ಯಾಂಟನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ. ಫಾದರ್ ಬಗ್ಗಿ ಕಾಲಿಗೆ ಮುತ್ತಿಟ್ಟು ಎದ್ದುಹೋದರು. ನಾಚಿಕೆ ಎಂದರೆ ಏನೆಂದು ಇನ್ನಾಸಪ್ಪನಿಗೆ ಅರವತ್ತಾರನೇ ವಯಸ್ಸಿನಲ್ಲಿ ತಿಳಿಯಿತು.

ಬೆಳಗಾಗುವುದರೊಳಗೆ ವಿಡಿಯೋ ಊರೆಲ್ಲ ಸುತ್ತಿತ್ತು. ಒಂದು ಗುಂಪಿನಲ್ಲಿ "ಸೀನಣ್ಣ ಮತಾಂತರ" ಎಂದು, ಇನ್ನೊಂದು ಗುಂಪಿನಲ್ಲಿ "ಫಾದರ್‌ಗೆ ಸೀನಣ್ಣ ಡಿಚ್ಚಿ" ಎಂದು. ವಸಂತ್ ಫೋನು ಮಾಡಿ, "ಕಮಾನಲ್ಲ ಸ್ವಾಮಿ, ನಿಮಗೆ ಒಂದು ಇಟ್ಟಿಗೆನೂ ಇಲ್ಲ" ಎಂದ. ಮನೆ ಮುಂದೆ ಕಾರು ನಿಲ್ಲುವುದು ನಿಂತಿತು. ಎಂಟುನೂರು ವೋಟು ಜೇಬಿನಿಂದ ಹೋದದ್ದಕ್ಕೆ ಇನ್ನಾಸಪ್ಪನಿಗೆ ದುಃಖವಾಯಿತು. ಅವು ಎಂದೂ ಇರಲಿಲ್ಲ ಎಂಬುದು ದುಃಖವನ್ನೇನೂ ಕಡಿಮೆ ಮಾಡಲಿಲ್ಲ.

ಈಸ್ಟರ್ ಕಳೆದ ಮಂಗಳವಾರ ಅವನು ಹಿಂದಿನ ಗಲ್ಲಿಗೆ ಹೋಗಿ, "ಬಾರಮ್ಮ, ಆಫೀಸಿಗೆ ಹೋಗಿ ಬರೋಣ" ಎಂದು ಮುನಿಲಕ್ಷ್ಮಮ್ಮನನ್ನು ಕರೆದ. ಇಬ್ಬರೂ ನೀರಿನ ಆಫೀಸಿನಲ್ಲಿ ಸಾಲಿನಲ್ಲಿ ನಿಂತರು. ಅಲ್ಲಿ ಯಾರಿಗೂ ಇನ್ನಾಸಪ್ಪ ಗೊತ್ತಿರಲಿಲ್ಲ. ಕೌಂಟರಿನವನು, "ನೀತಿ ಸಂಹಿತೆ ಇದೆ, ಎಲೆಕ್ಷನ್ ಆಗ್ಲಿ" ಎಂದ.

"ಬಾಯಾರಿಕೆಗೂ ನೀತಿ ಸಂಹಿತೆ ಇದೆಯಾ ಸಾರ್?" ಎಂದಳು ಮುನಿಲಕ್ಷ್ಮಮ್ಮ.

"ಹೊಸ ಬೋರ್ ಕೇಳ್ತಿಲ್ಲ ಸಾರ್, ಸುಟ್ಟಿರೋ ಮೋಟರ್ ರಿಪೇರಿ ಅಷ್ಟೆ. ಇದಕ್ಕೆ ಯಾವ ಅಡ್ಡಿನೂ ಇಲ್ಲ. ನಿಮ್ಮ ಸಾಹೇಬರನ್ನ ಕರೀರಿ, ನಾವು ಕಾಯ್ತೀವಿ" ಎಂದು ಇನ್ನಾಸಪ್ಪ ಬೆಂಚಿನ ಮೇಲೆ ಕೂತೇಬಿಟ್ಟ. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಸಾಹೇಬರು ಹೊರಗೆ ಬಂದರು. ಎದ್ದು ನಿಂತ ಮುದುಕನನ್ನು ಮೇಲಿಂದ ಕೆಳಗೆ ನೋಡಿ, "ಯಾರ ಕಡೆಯವರ್ರೀ ನೀವು?" ಎಂದರು.

ಚರ್ಚು ಎಂಬ ಮಾತು ನಾಲಿಗೆ ತುದಿಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡು ಇನ್ನಾಸಪ್ಪ ಪಕ್ಕದಲ್ಲಿದ್ದವಳನ್ನು ತೋರಿಸಿದ. "ಇವರ ಕಡೆಯವನು" ಎಂದ.

ಸಾಹೇಬರು ಗುರುವಾರ ಮೆಕ್ಯಾನಿಕ್ಕನ್ನು ಕಳಿಸುತ್ತೇನೆಂದು ಒಳಗೆ ಹೋದರು. ಮೆಟ್ಟಿಲು ಇಳಿಯುವಾಗ ಮುನಿಲಕ್ಷ್ಮಮ್ಮ ನಾಲ್ಕು ಸಲ ಅವನ ಮುಖ ನೋಡಿದಳು. ಕೊನೆಗೆ ತಡೆಯಲಾರದೆ ದನಿ ತಗ್ಗಿಸಿ ಕೇಳಿಯೇಬಿಟ್ಟಳು:

"ಅಣ್ಣ, ತಪ್ಪು ತಿಳ್ಕೋಬೇಡಿ. ಈ ಸಲ ನೀವೇನಾದ್ರೂ ಎಲೆಕ್ಷನ್‌ಗೆ ನಿಂತಿದ್ದೀರಾ?"