ಸೂಕ್ಷ್ಮ ಕೇಳಿಸುವ ಸೂಜಿ

ಗೆಳತಿಯರೇ, ನಮ್ಮ ಮನೆಯ ರೆಕಾರ್ಡ್ ಪ್ಲೇಯರಿಗೆ ಇವತ್ತು ಹೊಸ ಕಾರ್ಟ್ರಿಜ್ ಬಂತು. ರೆಕಾರ್ಡಿನ ಮೇಲೆ ಓಡುವ ಸೂಜಿ ಇರುತ್ತದಲ್ಲ, ಅದನ್ನು ಹಿಡಿದಿರುವ, ಹೆಬ್ಬೆರಳಿನ ತುದಿಯಷ್ಟಿರುವ ವಸ್ತು. ಹಳೆಯದಕ್ಕೇನಾಗಿತ್ತು ಎಂದರೆ, ಅದರಲ್ಲಿ ಸೂಕ್ಷ್ಮಗಳು ಕೇಳಿಸುತ್ತಿರಲಿಲ್ಲವಂತೆ. ಬೆಲೆ ಕೇಳಿದರೆ ನಮ್ಮ ಮನೆಯವರು ಮಾತು ಬದಲಿಸುತ್ತಾರೆ.

ಅದನ್ನು ಜೋಡಿಸಿ ಮುಗಿಸುವ ಹೊತ್ತಿಗೆ ಕಮಲಾಪುರದಿಂದ ಇವರ ಕಾಕಾ ಕೆಂಪು ಬಾಳೆಹಣ್ಣು ಹಿಡಿದುಕೊಂಡು ಬಂದರು. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ. ಬಂದವರಿಗೆ ನೀರು ಕೊಟ್ಟು ಕೂಲರ್ ಹಚ್ಚುವುದು ನಮ್ಮಲ್ಲಿಯ ರೀತಿ. ಇವರು ಕೂಲರ್ ಹಚ್ಚಲು ಹೋದ ನನ್ನನ್ನು ತಡೆದರು, ಫ್ಯಾನ್ ಆರಿಸಿದರು, ಕಿಟಕಿಗಳನ್ನೂ ಮುಚ್ಚಿ ರೆಕಾರ್ಡ್ ಹಾಕಿದರು.

"ಗದ್ದಲ ಇರಬಾರದ್ರಿ ಕಾಕಾ. ಹಾಡುವಾಕಿ ಉಸಿರು ತಗೊಳ್ಳೋದು ಸೈತ ಇದರಾಗ ಕೇಳಸ್ತದ."

ಕಾಕಾ ಧೋತರದ ಚುಂಗಿನಿಂದ ಮುಖ ಒರೆಸಿಕೊಳ್ಳುತ್ತ ಅರ್ಧ ಹಾಡು ಸಹಿಸಿದರು.

"ಕೇಳಸ್ತೇನ್ರಿ?" ಎಂದು ಇವರು ಪಿಸುಗುಟ್ಟಿದರು.

"ಆಕಿ ಉಸಿರು ಕೇಳಸ್ತು ತಮ್ಮಾ. ನಂದು ಹೋಗಾಕತ್ತದ, ಅದು ನಿನಗ ಕೇಳಸವಲ್ದೇನು?"

ಕಾಕಾ ತಾವೇ ಎದ್ದು ಕೂಲರಿನ ಗುಂಡಿ ಒತ್ತಿದರು. ಬಿಸಿಗಾಳಿ ಬಂತು. ಒಳಗೆ ಒಂದು ಹನಿ ನೀರಿರಲಿಲ್ಲ.

ಅದಕ್ಕೆ ನೀರು ತುಂಬಿ ಎಂದು ಬೆಳಿಗ್ಗೆಯಿಂದ ಇವರ ಪಕ್ಕದಲ್ಲೇ ನಿಂತು ಹೇಳುತ್ತಿದ್ದೆ. ಹೆಂಡತಿ ಹೇಳಿದ್ದು ಕೇಳಿಸುವಂಥ ಕಾರ್ಟ್ರಿಜ್ ಎಲ್ಲಾದರೂ ಸಿಗುವುದಿದ್ದರೆ ತಿಳಿಸಿ. ಅದರ ಬೆಲೆಯನ್ನು ನಾನೂ ಯಾರಿಗೂ ಹೇಳುವುದಿಲ್ಲ.